ಹಸಿರು ಬಿಲ್ಲೆ ಬೇಡವೆಂದಾಕೆ

೧೯೮೩ನೆಯ ಇಸವಿ ನವೆಂಬರ್ ತಿಂಗಳ ಹತ್ತೊಂಬತ್ತನೆಯ ತಾರೀಖು, ಶನಿವಾರ. ಚಳಿಗಾಲ ಆಗಷ್ಟೇ ಕಾಲೂರಿತ್ತು. ಮಳೆಯಿರಲಿಲ್ಲ, ಗಾಳಿಯಿರಲಿಲ್ಲ, ಬಿಸಿಲಿದ್ದರೂ ಅದರಲ್ಲಿ ಕಾವಿರಲಿಲ್ಲ. ಇದು ನಡೆದದ್ದು ಹನ್ನೆರಡನೆಯ ತಾರೀಖೆಂದು ಹೇಳುವವರಿದ್ದಾರೆ. ಹನ್ನೆರಡರಂದು ಬೆಳಗಿನಿಂದ ಮಳೆ ಹೊಯ್ದು ಯಾರೂ ಮೈದಾನಕ್ಕೆ ಇಳಿದಿರಲಿಲ್ಲವಾದ್ದರಿಂದ ಅವರ ಮಾತನ್ನು ಒಪ್ಪುವಂತಿಲ್ಲ. ಹತ್ತೊಂಬತ್ತರ ಸಂಜೆ, ಊರ ಗಾಲ್ಫ್ ಕ್ಲಬ್ಬಿನ ಹದಿನಾಲ್ಕನೆಯ ಕುಳಿಯ ಸಮೀಪ, ಕನ್ನಡಕದಂಗಡಿಯಾಕೆ ತಾನೇ ಹೊಡೆದ ಚೆಂಡು ಕಾಣದೆ ನಿಂತಿದ್ದಳು.

ಜೊತೆಗಿದ್ದವಳು ಆಕೆಯ ಓರಗಿತ್ತಿ, ಮೈದುನನ ಹೆಂಡತಿ. ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ನಕ್ಕು ಮಾತಾಡಿ, ಸಂಜೆಗೂ ನಗು ಉಳಿಸಿಕೊಂಡು ಬರುವ ಹೆಣ್ಣು.

"ಅಕ್ಕ, ಅಲ್ಲೇ ಇದೆಯಲ್ಲ, ನಿನ್ನ ಕಾಲ ಮುಂದೆ."

"ಗೊತ್ತು. ಕೆಸರು ಅಂಟಿದೆಯಾ ಅಂತ ನೋಡ್ತಾ ಇದ್ದೆ."

ಮಳೆ ನಿಂತು ವಾರವಾಗಿತ್ತು. ಹುಲ್ಲಿನ ಬುಡವೂ ಒಣಗಿತ್ತು. ಓರಗಿತ್ತಿ ಏನೂ ಹೇಳದೆ ಮುಂದೆ ನಡೆದಳು. ಅವಳ ಆ ಮೌನವೇ ಕನ್ನಡಕದಂಗಡಿಯಾಕೆಯ ಅನುಮಾನಕ್ಕೆ ಕಾರಣವಾಯಿತು. ಇವಳಿಗೆ ಗೊತ್ತಾಗಿದೆಯೇ?

ಗೊತ್ತಾಗಬಾರದ ಸಂಗತಿ ಇಷ್ಟು. ಸೆಪ್ಟೆಂಬರ್ ಹದಿನೇಳರಂದು ಆಕೆ ಅಂದಿನ ಆಟ ತಪ್ಪಿಸಿ ಪಕ್ಕದ ಊರಿನ ಕಣ್ಣಾಸ್ಪತ್ರೆಗೆ ಹೋಗಿಬಂದಿದ್ದಳು. ಮಬ್ಬು ಬೆಳಕಿನಲ್ಲಿ ಮೊದಲು ಕಾಣುವುದು ನಿಲ್ಲುತ್ತದೆ, ಆಮೇಲೆ ಅಕ್ಕಪಕ್ಕದ್ದು, ಅದಾದ ಮೇಲೆ ಎಷ್ಟು ಕಾಲವೆಂದು ಹೇಳಲಾಗದು ಎಂದು ವೈದ್ಯರು ತಿಳಿಸಿದ್ದರು. ಹಗಲು ಬೆಳಕು ಚೆನ್ನಾಗಿದ್ದರೆ ಇನ್ನೂ ಕೆಲವು ವರ್ಷ ಆಡಬಹುದು. ಆದರೆ ಕ್ಲಬ್ಬಿನ ನಿಯಮದಂತೆ ಹೆಂಗಸರಿಗೆ ಮೈದಾನ ಸಿಗುತ್ತಿದ್ದುದು ಮಂಗಳವಾರ, ಗುರುವಾರ, ಮತ್ತು ಶನಿವಾರ ಮೂರು ಗಂಟೆಯ ಮೇಲೆ. ಶನಿವಾರದ ಬೆಳಗು ಗಂಡಸರದು. ವಾರದ ದಿನಗಳಲ್ಲಿ ಅಂಗಡಿ ಬಿಡಲಾಗದ ಆಕೆಗೆ ಉಳಿದದ್ದು ಶನಿವಾರದ ಇಳಿಹೊತ್ತು ಒಂದೇ. ಚಳಿಗಾಲದಲ್ಲಿ ಆ ಹೊತ್ತು ಆಟದ ಅರ್ಧಕ್ಕೇ ಕತ್ತಲಿಗೆ ಜಾರುತ್ತಿತ್ತು. ಶನಿವಾರದ ಬೆಳಗು ಸಿಗದಿದ್ದರೆ ಆಕೆಯ ಆಟ ಮುಗಿದಂತೆಯೇ. ಅದಕ್ಕಾಗಿ ಆ ನಿಯಮವನ್ನು ತೆಗೆದುಹಾಕಬೇಕೆಂಬ ಠರಾವನ್ನು ವಾರ್ಷಿಕ ಸಭೆಯ ಮುಂದಿಡಲು ಅಕ್ಟೋಬರಿನಲ್ಲೇ ಕಾರ್ಯದರ್ಶಿಗೆ ಕೊಟ್ಟಿದ್ದಳು. ಕಣ್ಣಿನ ವಿಷಯ ತಿಳಿದಿದ್ದವನು ಗಂಡನೊಬ್ಬನೇ. ಕನ್ನಡಕ ಮಾರುವವಳಿಗೇ ಕಣ್ಣು ಕಾಣದೆಂದು ಊರಿಗೆ ಗೊತ್ತಾದರೆ ಅಂಗಡಿಯ ಬಾಗಿಲು ತಟ್ಟುವವರು ಯಾರು?

ಅನುಮಾನ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಲೈಸೆನ್ಸಿಗಾಗಿ ಕಣ್ಣು ತೋರಿಸಲು ಬರುವ ಡ್ರೈವರುಗಳು ಬೆಂಚಿನ ಮೇಲೆ ಸರದಿ ಕಾಯುತ್ತಲೇ ಗೋಡೆಯ ಅಕ್ಷರಹಲಗೆಯನ್ನು ಬಾಯಿಪಾಠ ಮಾಡಿ, ಕುರ್ಚಿಗೆ ಬಂದೊಡನೆ ಗಿಳಿಯಂತೆ ಒಪ್ಪಿಸುತ್ತಿದ್ದರು. ಆಕೆ ಎರಡನೆಯ ಹಲಗೆಯೊಂದನ್ನು ಪರದೆಯ ಹಿಂದೆ ಇಟ್ಟಿದ್ದಳು. ಅದನ್ನು ಎಳೆದೊಡನೆ ಎಷ್ಟೋ ಜನರ ಬಾಯಿ ಕಟ್ಟಿಹೋಗುತ್ತಿತ್ತು. ಇಪ್ಪತ್ತು ವರ್ಷ ಇದನ್ನೇ ನೋಡಿದವಳು ಮನುಷ್ಯರ ಮಾತನ್ನು ಒಂದೇ ಹಲಗೆಯಿಂದ ನಂಬುವುದನ್ನು ಬಿಟ್ಟಿದ್ದಳು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ಗಂಡ ಆಗಾಗ ರೇಗಿಸುತ್ತಿದ್ದ.

"ಟಿಕೆಟ್ ಕೇಳೋ ಕೆಲಸ ನಂದು, ಅನುಮಾನ ಪಡೋ ಕೆಲಸ ನಿಂದು. ಇಬ್ಬರೂ ಒಂದೇ ಬಸ್ಸಿಗೆ ಹತ್ತಿದ್ರೆ ಡ್ರೈವರೇ ಇಳಿದು ಓಡ್ತಾನೆ."

ನವೆಂಬರ್ ಇಪ್ಪತ್ಮೂರು, ಬುಧವಾರ, ಕ್ಲಬ್ಬಿನ ಕಾರ್ಯದರ್ಶಿ ಅಂಗಡಿಗೆ ಬಂದರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೆತ್ತಗಿನ ಮನುಷ್ಯ. ತಗ್ಗಿದ ದನಿ, ಇಸ್ತ್ರಿ ಮಾಡಿದ ಕರವಸ್ತ್ರ. ಇಷ್ಟು ವರ್ಷ ಅವರು ಈ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಕನ್ನಡಕದ ತಿರುಪು ಸಡಿಲವಾಗಿದೆಯೆಂದರು, ಅಂಗಡಿ ಅಚ್ಚುಕಟ್ಟಾಗಿದೆಯೆಂದು ಹೊಗಳಿದರು, ಮನೆಯವರ ಆರೋಗ್ಯ ವಿಚಾರಿಸಿದರು. ಠರಾವಿನ ಮಾತನ್ನು ಮಾತ್ರ ಎತ್ತಲಿಲ್ಲ. ಆಕೆಗೆ ಇದು ಬೇಳೆ ಬೇಯಿಸಿಕೊಳ್ಳಲು ಬಂದ ಹಾಗೆ ತೋರಿತು. ಬಂದಿದ್ದೀರಿ, ಒಮ್ಮೆ ಕಣ್ಣನ್ನೂ ನೋಡಿಬಿಡೋಣವೆಂದು ಕುರ್ಚಿಯಲ್ಲಿ ಕೂರಿಸಿ, ಮೊದಲ ಹಲಗೆ ಓದಿಸಿ, ತಟ್ಟನೆ ಎರಡನೆಯದನ್ನು ಎಳೆದಳು. ಅವರು ಕೊನೆಯ ಸಾಲಿನವರೆಗೆ ಒಂದೂ ತಪ್ಪದೆ ಓದಿದರು. ತಪ್ಪಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು.

ಡಿಸೆಂಬರ್ ಮೂರರಂದು ಕ್ಲಬ್ಬಿನಲ್ಲಿ ಪ್ರಕಟಣೆ ಬಿತ್ತು. ಹತ್ತನೆಯ ತಾರೀಖಿನ ವಾರ್ಷಿಕ ಸಭೆ ಸಭಾಂಗಣದಲ್ಲಿ ನಡೆಯುವುದಿಲ್ಲ. ಮರದ ನೆಲಕ್ಕೆ ಪಾಲಿಷ್ ನಡೆಯುತ್ತಿರುವುದರಿಂದ ಗಂಡಸರ ಕೋಣೆಯಲ್ಲಿ ನಡೆಯುತ್ತದೆ.

ಗಂಡಸರ ಕೋಣೆಯೆಂದರೆ ಉದ್ದನೆಯ, ಬೆಚ್ಚನೆಯ, ಮೈದಾನದ ಕಡೆಗೆ ಗಾಜಿನ ಕಿಟಕಿಗಳಿದ್ದ ಕೋಣೆ. ಒಂದು ಬದಿಗೆ ಬಾರಿನ ಕೌಂಟರು. ಆ ಬಾರಿನ ಬೆನ್ನಿಗೇ ಹೆಂಗಸರ ಕೋಣೆ. ಹಿಂದೆ ಕೋಟುಗಳನ್ನು ತೂಗುಹಾಕುತ್ತಿದ್ದ ಆ ಜಾಗದ ಗೋಡೆಯ ಮೇಲೆ ಕೊಕ್ಕೆಗಳು ಹಾಗೇ ಉಳಿದಿದ್ದವು. ನಡುಗೋಡೆಯಲ್ಲಿ ಮರದ ಮುಚ್ಚಳದ ಕಿಂಡಿಯೊಂದಿತ್ತು. ಹೆಂಗಸರಿಗೆ ಚಹಾ ಬೇಕಾದರೆ ಗಂಟೆ ಬಾರಿಸಬೇಕು. ಬಾರಿನವನು ಮುಚ್ಚಳ ಎತ್ತಿ, ಲೋಟ ದಾಟಿಸಿ, ಮತ್ತೆ ಮುಚ್ಚುತ್ತಿದ್ದ. ಗಂಡಸರ ಕೋಣೆಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಸಭೆಯ ನಿಯಮವೋ, ಠರಾವು ಕೊಟ್ಟವರು ಕರೆದಾಗ ಕೋಣೆಯೊಳಗೆ ಇರದಿದ್ದರೆ ಠರಾವು ಬಿದ್ದುಹೋಯಿತು.

"ನೋಡಿದೆಯಾ," ಎಂದಳು ಆಕೆ ಓರಗಿತ್ತಿಗೆ. "ಒಳಗೆ ಬಿಡೋ ಹಾಗಿಲ್ಲ, ಒಳಗೆ ಇಲ್ದಿದ್ರೆ ಠರಾವೇ ಇಲ್ಲ."

"ನೀನು ಮೊಸರಲ್ಲಿ ಕಲ್ಲು ಹುಡುಕೋದು ಬಿಡಲ್ಲ ಅಕ್ಕ. ನೆಲಕ್ಕೆ ಪಾಲಿಷ್ ಮಾಡಿಸ್ತಿದ್ದಾರೆ, ಅಷ್ಟೇ."

ಆಕೆ ಆ ಮಾತನ್ನು ನಂಬದೆ ಸಭಾಂಗಣಕ್ಕೇ ಹೋದಳು. ಬಗ್ಗಿ ನೆಲಕ್ಕೆ ಬೆರಳೊತ್ತಿದಳು. ಬೆರಳು ಅಂಟಿಕೊಂಡಿತು; ಮೂಗಿಗೆ ಘಾಟು ಹೊಡೆಯಿತು. ಪಾಲಿಷು ನಿಜವೇ ಆಗಿತ್ತು. ಮೂಲೆಯಲ್ಲಿ ಮೊಣಕಾಲೂರಿದ್ದ ಕೆಲಸದವನನ್ನು ಈಗಲೇ ಯಾಕೆ ಹಿಡಿದಿದ್ದೀರೆಂದು ಕೇಳಿದಾಗ, ಬೇಸಿಗೆಯಲ್ಲೇ ಮಾಡಬೇಕಿತ್ತೆಂದೂ ತಾನೇ ಬೆನ್ನುನೋವಿನಿಂದ ಮುಂದೂಡುತ್ತ ಬಂದೆನೆಂದೂ ಆತ ಹೇಳಿದ. ಆಕೆ ಆತನ ಬೆನ್ನನ್ನೂ ಸ್ವಲ್ಪ ಹೊತ್ತು ನೋಡಿದಳು. ಏಳುವಾಗ ಆತ ನಿಜಕ್ಕೂ ನರಳಿದ. ಸಂಚಿನ ಎಳೆ ಎಲ್ಲಿಯೂ ಕೈಗೆ ಸಿಗಲಿಲ್ಲ. ಹಾಗೆಂದು ಮನಸ್ಸು ತಣ್ಣಗಾಗಲೂ ಇಲ್ಲ.

ಡಿಸೆಂಬರ್ ಹತ್ತು, ಶನಿವಾರ, ಸಂಜೆ ಐದಕ್ಕೆ ಸಭೆ. ಆಕೆ, ಓರಗಿತ್ತಿ, ಇನ್ನೂ ಮೂವರು ಹೆಂಗಸರು ಓಣಿಯಂಥ ಹಾದಿಯಲ್ಲಿ ನಡೆದು ಗಂಡಸರ ಕೋಣೆಯ ಬಾಗಿಲಿಗೆ ಬಂದರು. ಅಲ್ಲಿ ಕಾರ್ಯದರ್ಶಿ ಕೈಯಲ್ಲೊಂದು ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಹಸಿರು ಬಿಲ್ಲೆಗಳಿದ್ದವು; ಸದಸ್ಯರು ಕರೆತರುವ ಹೊರಗಿನವರು ಎದೆಗೆ ಸಿಕ್ಕಿಸಿಕೊಳ್ಳುವ ಅತಿಥಿಯ ಬಿಲ್ಲೆಗಳು.

"ಬನ್ನಿ ಬನ್ನಿ. ನಿಮ್ಮನ್ನ ಹೊರಗೆ ನಿಲ್ಲಿಸೋಕಾಗುತ್ಯೇ? ಇವತ್ತೊಂದು ದಿನ ನಾನೇ ನಿಮ್ಮನ್ನೆಲ್ಲ ಕರೆದ ಹಾಗೆ. ಇದನ್ನ ಹಾಕ್ಕೊಂಡು ಒಳಗೆ ಬಂದುಬಿಡಿ."

ಓರಗಿತ್ತಿ ಥ್ಯಾಂಕ್ಸ್ ಹೇಳಿ ಬಿಲ್ಲೆ ಸಿಕ್ಕಿಸಿಕೊಂಡು ಒಳಗೆ ನಡೆದಳು. ಮೂವರೂ ಅವಳನ್ನು ಹಿಂಬಾಲಿಸಿದರು. ಕನ್ನಡಕದಂಗಡಿಯಾಕೆ ಬಿಲ್ಲೆಯನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತಳು.

"ಅತಿಥಿಗಳು ಸಭೆಯಲ್ಲಿ ಠರಾವು ಮಂಡಿಸಬಹುದಾ ಸರ್?"

ಕಾರ್ಯದರ್ಶಿ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಅದು... ಅದನ್ನ ನಾನು ಯೋಚನೆ ಮಾಡಿರಲಿಲ್ಲಮ್ಮ."

ಆಕೆ ಅವರ ಮುಖವನ್ನು ಓದಲು ನೋಡಿದಳು. ಹಾದಿಯ ತುದಿಯಲ್ಲಿ ಇದ್ದದ್ದು ಒಂದೇ ಒಂದು ಹಳದಿ ಬಲ್ಬು. ಆ ಮಬ್ಬಿನಲ್ಲಿ ಎದುರಿಗಿದ್ದ ಮುಖ ಕಲಸಿದ ಬಣ್ಣದಂತೆ ಕಾಣುತ್ತಿತ್ತು. ಕಣ್ಣೆಲ್ಲಿ, ತುಟಿಯೆಲ್ಲಿ, ಆ ತುಟಿಯ ಮೇಲಿದ್ದದ್ದು ನಾಚಿಕೆಯೋ ಕಳ್ಳನಗೆಯೋ ಒಂದೂ ತಿಳಿಯಲಿಲ್ಲ. ಜನರ ಕಣ್ಣನ್ನೇ ನೋಡಿ ಬದುಕಿದವಳಿಗೆ ಬೇಕಾದ ಹೊತ್ತಿನಲ್ಲಿ ಕಣ್ಣೇ ಕೈಕೊಟ್ಟಿತು. ಎರಡನೆಯ ಹಲಗೆ ಇಲ್ಲಿರಲಿಲ್ಲ. ಬಿಲ್ಲೆಯನ್ನು ತಟ್ಟೆಗೆ ಹಾಕಿ, "ನನಗೆ ಬೇಡ ಸರ್. ನಾನು ಸದಸ್ಯೆ," ಎಂದು ಹಿಂದಿರುಗಿದಳು.

ಹೋದದ್ದು ಹೆಂಗಸರ ಕೋಣೆಗೆ. ದೀಪ ಹಾಕಿ, ಸ್ಟೂಲನ್ನು ಕಿಂಡಿಯ ಕೆಳಗೆ ಎಳೆದು, ಹತ್ತಿ, ಗಂಟೆ ಬಾರಿಸಿದಳು. ಬಾರಿನವನು ಮುಚ್ಚಳವೆತ್ತಿದ. ಚಹಾ ಬೇಡ, ಇದನ್ನು ತೆರೆದಿಡಿ ಸಾಕೆಂದಳು. ಆತ ಹಿಂದಕ್ಕೊಮ್ಮೆ ತಿರುಗಿ ನೋಡಿ, ಬಾಟಲಿಯೊಂದನ್ನು ಮುಚ್ಚಳಕ್ಕೆ ಆನಿಸಿ, ಲೋಟ ಒರೆಸುವುದರಲ್ಲಿ ಮಗ್ನನಾದ.

ಕಿಂಡಿಯಾಚೆ ದೀಪಗಳು ಝಗಝಗಿಸುತ್ತಿದ್ದವು. ಆ ಬೆಳಕಿನಲ್ಲಿ ಆಕೆಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಅಧ್ಯಕ್ಷರು ಊರಿನ ದನದ ಡಾಕ್ಟರು, ಸ್ಥೂಲಕಾಯರು. ಹಿಂದಿನ ವರ್ಷದ ವರದಿ ಮುಗಿಸಿ, ಮುಂದಿನದು ಶನಿವಾರದ ಬೆಳಗಿನ ಠರಾವು ಎಂದರು. ಮುಂದಿನ ಸಾಲಿನ ಔಷಧಿ ಅಂಗಡಿಯವನು ಒಡನೆಯೇ ಎದ್ದು, ಠರಾವು ಕೊಟ್ಟವರು ಕೋಣೆಯಲ್ಲಿಲ್ಲ, ಆದ್ದರಿಂದ ಅದು ಬಿದ್ದುಹೋಯಿತು ಎಂದ.

"ಇದ್ದೀನಿ," ಎಂದಳು ಆಕೆ.

ತಲೆಗಳೆಲ್ಲ ಬಾರಿನ ಕಡೆಗೆ ಹೊರಳಿದವು. ಸೋಡಾ ಬಾಟಲಿಗಳ ನಡುವೆ ಆಕೆಯ ತಲೆಯೂ ಎರಡು ಮೊಣಕೈಗಳೂ ಕಾಣುತ್ತಿದ್ದವು. ಒಂದಿಬ್ಬರು ನಕ್ಕರು. ಔಷಧಿ ಅಂಗಡಿಯವನು, ತಲೆ ಈಚೆಗಿದ್ದು ಕಾಲು ಆಚೆಗಿದ್ದರೆ ಅದನ್ನು ಕೋಣೆಯೊಳಗಿರುವುದೆಂದು ಹೇಳಲಾಗದೆಂದ. ಬೇರೊಬ್ಬ, ಡಾಕ್ಟರಿಗೆ ಅಂಥ ಭಂಗಿ ಹೊಸದೇನಲ್ಲ, ದಿನಾ ಕೊಟ್ಟಿಗೆಯಲ್ಲಿ ನೋಡುತ್ತಾರೆಂದ. ಡಾಕ್ಟರು ನಗಲಿಲ್ಲ. ಬಿಲ್ಲೆ ಹಾಕಿಕೊಂಡು ಒಳಗೆ ಬರಬಹುದಿತ್ತಲ್ಲ ತಾಯಿ ಎಂದು ಕೇಳಿದರು.

"ಬಿಲ್ಲೆ ಹಾಕ್ಕೊಂಡ್ರೆ ನಾನು ಅತಿಥಿ. ಅತಿಥಿಗೆ ಠರಾವು ಮಂಡಿಸೋ ಹಕ್ಕಿದೆಯಾ ಅಂತ ನೀವೇ ಹೇಳಿ ಸರ್."

ಡಾಕ್ಟರು ಕಾರ್ಯದರ್ಶಿಯ ಕಡೆಗೆ ನೋಡಿದರು. ಇಲ್ಲವೆಂದು ಕಾರ್ಯದರ್ಶಿ ಮೆಲ್ಲನೆ ತಲೆಯಾಡಿಸಿದರು. ಅವರ ಮುಖ ಈಗ ಬೆಳಕಿನಲ್ಲೇ ಇತ್ತು, ಕೆಂಪೇರಿತ್ತು. ಸಿಕ್ಕಿಬಿದ್ದವನೂ ಕೆಂಪಾಗುತ್ತಾನೆ, ನೊಂದವನೂ ಕೆಂಪಾಗುತ್ತಾನೆ. ಅದರಿಂದಲೂ ಆಕೆಗೆ ಏನೂ ಇತ್ಯರ್ಥವಾಗಲಿಲ್ಲ.

ಆಗ ಓರಗಿತ್ತಿ ಎದ್ದಳು. "ಹಂಗಾದ್ರೆ ನಾನು ಇಲ್ಲಿ ಯಾರು? ಕೈ ಎತ್ತಿದ್ರೆ ಲೆಕ್ಕಕ್ಕೆ ತಗೋತೀರಾ ಇಲ್ವಾ?" ಅವಳು ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟು ಹೊರನಡೆದಳು. ಹಿಂದೆಯೇ ಆ ಮೂವರೂ ನಡೆದರು. ಸ್ವಲ್ಪ ಹೊತ್ತಿಗೆ ಹೆಂಗಸರ ಕೋಣೆಯಲ್ಲಿ ಕುರ್ಚಿ ಎಳೆಯುವ, ಯಾರದೋ ಕಾಲು ತುಳಿದು ಬೈಸಿಕೊಳ್ಳುವ ಸದ್ದು ಕೇಳಿ, ಬಾಟಲಿಗಳ ನಡುವೆ ಐದು ತಲೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ಬಾರಿನವನು ಯಾರೂ ಹೇಳದೆಯೇ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿಕೊಟ್ಟ.

ಡಾಕ್ಟರು ಬಹಳ ಹೊತ್ತು ಗಲ್ಲ ಉಜ್ಜಿದರು. ಕೊನೆಗೆ, ಸದಸ್ಯರು ಬರಲಾಗದ ಕಡೆ ಸಭೆ ಕರೆದದ್ದು ಸದಸ್ಯರ ತಪ್ಪಲ್ಲ, ಕರೆದವರ ತಪ್ಪು. ಕಂಡವರೂ ಕೇಳಿಸಿದವರೂ ಸಭೆಯಲ್ಲಿದ್ದಾರೆಂದೇ ಲೆಕ್ಕ. ಠರಾವು ನಡೆಯಲಿ ಎಂದು ತೀರ್ಪಿತ್ತರು.

ಔಷಧಿ ಅಂಗಡಿಯವನು ದನಿ ಬದಲಿಸಿ, ನಯವಾಗಿ ಕೇಳಿದ. ಮಧ್ಯಾಹ್ನ ಆಡುವುದಕ್ಕೆ ಇವರಿಗೆ ಏನು ಅಡ್ಡಿ? ನಿಜವಾದ ತೊಂದರೆ ಯಾರಿಗಾದರೂ ಇದ್ದರೆ ಹೇಳಲಿ, ಅವರೊಬ್ಬರಿಗೆ ವಿನಾಯಿತಿ ಕೊಡೋಣ, ನಾವೇನು ಕಲ್ಲುಮನಸ್ಸಿನವರೇ?

ಪಕ್ಕದಲ್ಲಿ ಓರಗಿತ್ತಿಯ ಉಸಿರು ಕಿವಿಗೆ ತಾಗಿತು. "ಹೇಳಿಬಿಡು ಅಕ್ಕ. ನಂಗೊತ್ತು. ಹೇಳಿದ್ರೆ ಕೊಡ್ತಾರೆ."

ಹೇಳಿದರೆ ಸಿಗುತ್ತದೆ. ಅದೂ ಒಂದು ಹಸಿರು ಬಿಲ್ಲೆಯೇ. ಯಾವಾಗ ಬೇಕಾದರೂ ತಟ್ಟೆಗೆ ವಾಪಸು ಕೇಳಬಹುದು.

"ನನಗೇನೋ ಇದೆ ಅಂತ ಕೊಡಬೇಡಿ," ಎಂದಳು. "ಬೆಳಗ್ಗೆ ನಿಮಗೆ ಯಾಕೆ ಬೇಕೋ, ನಮಗೂ ಅದಕ್ಕೇ ಬೇಕು. ಆಗ ಬೆಳಕು ಚೆನ್ನಾಗಿರುತ್ತೆ."

ಕೈಗಳು ಮೇಲೆದ್ದವು. ಕಿಂಡಿಯ ಕೈಗಳನ್ನು ಕಾರ್ಯದರ್ಶಿ ತಾವೇ ಬಾರಿನವರೆಗೆ ನಡೆದು ಬಂದು ಎಣಿಸಿಕೊಂಡರು. ಠರಾವು ಮೂರು ಮತಗಳಿಂದ ಬಿದ್ದುಹೋಯಿತು.

ಮನೆಗೆ ಹೊರಟಾಗ ಕತ್ತಲಾಗಿತ್ತು. ಕ್ಲಬ್ಬಿನ ಮೆಟ್ಟಿಲ ಬಳಿ ಓರಗಿತ್ತಿ ಏನೂ ಕೇಳದೆ ಆಕೆಯ ತೋಳಿಗೆ ತೋಳು ಸೇರಿಸಿದಳು.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದಳು ಆಕೆ.

"ಒಣಗಿದ ನೆಲದಲ್ಲಿ ಕೆಸರು ಕಂಡ್ಯಲ್ಲ, ಅವತ್ತಿಂದ."

"ಯಾರಿಗಾದ್ರೂ ಹೇಳಿದ್ಯಾ?"

"ಇದಕ್ಕೂ ಅನುಮಾನ ಪಡ್ತೀಯಾ? ಮೆಟ್ಲಿದೆ, ಕಾಲು ಕೆಳಗಿಡು."

ಆಮೇಲೆ ನಡೆದದ್ದು ಇಷ್ಟು. ೧೯೮೪ನೆಯ ಇಸವಿ ಜನವರಿಯಲ್ಲಿ ಆ ಕಿಂಡಿಗೆ ಇಟ್ಟಿಗೆ ಕಟ್ಟಿ ಗಾರೆ ಬಳಿಯಲಾಯಿತು. ಹೆಂಗಸರಿಗೆ ಚಹಾ ಅಂದಿನಿಂದ ಹಾದಿಯನ್ನು ಸುತ್ತಿಕೊಂಡು ಬಂತು. ಅದೇ ವರ್ಷ ಡಿಸೆಂಬರ್ ಎಂಟರ ಸಭೆ ಸಭಾಂಗಣದಲ್ಲಿ ನಡೆದು, ಅದೇ ಠರಾವು ಅಂಗೀಕೃತವಾಯಿತು. ಆ ನಡುವಿನ ವರ್ಷದಲ್ಲಿ ಆಕೆ ಆಡಿದ್ದು ಬೇಸಿಗೆಯ ಶನಿವಾರಗಳಲ್ಲಿ ಮಾತ್ರ. ೧೯೮೫ರ ಜನವರಿ ಐದು, ಶನಿವಾರ, ಆಕೆಯೂ ಓರಗಿತ್ತಿಯೂ ಮೊದಲ ಸಲ ಬೆಳಗಿನ ಆಟಕ್ಕೆ ಇಳಿದರು. ಕಾರ್ಯದರ್ಶಿ ೧೯೮೮ರಲ್ಲಿ ತೀರಿಕೊಂಡರು. ಬಿಲ್ಲೆಯ ವಿಷಯ ಆಕೆ ಅವರನ್ನು ಮತ್ತೆ ಕೇಳಿರಲಿಲ್ಲ. ಆಕೆಯ ಕೊನೆಯ ಆಟ ನಡೆದದ್ದು ೧೯೯೧ರ ಅಕ್ಟೋಬರ್ ಇಪ್ಪತ್ತಾರರಂದು. ಮರುವರ್ಷ ಅಂಗಡಿಯನ್ನು ಓರಗಿತ್ತಿಯ ಮಗಳಿಗೆ ವಹಿಸಿಕೊಟ್ಟಳು. ಗಂಡಸರ ಕೋಣೆಯ ಬಾಗಿಲು ಎಲ್ಲ ಸದಸ್ಯರಿಗೂ ತೆರೆದದ್ದು ೧೯೯೬ನೆಯ ಇಸವಿ ಮಾರ್ಚ್ ತಿಂಗಳಲ್ಲಿ.