ಗೆಜೆಟೆಡ್ ಆಫೀಸರ ಗಂಡ

ಠಪ್. ಸ್ವಲ್ಪ ತಡೆದು ಮತ್ತೆ ಠಪ್. ಎರಡು ಸಾವಿರದ ಇಸವಿಯ ಆಚೀಚೆ ಹಿಂದೂಪುರದ ನಮ್ಮ ಬೀದಿಯ ಶನಿವಾರಗಳೆಂದರೆ ನನಗೆ ಈಗಲೂ ಈ ಸದ್ದೇ. ಪಕ್ಕದ ಮನೆಯ ಮೂರ್ತಿಯವರು ಜಗಲಿಯಲ್ಲಿ ಕೂತು ರಬ್ಬರ್ ಸ್ಟ್ಯಾಂಪ್ ಒತ್ತುತ್ತಿದ್ದ ಸದ್ದು. ನಿನ್ನೆ ನನ್ನ ತಂಗಿಯ ಮಗ ತನ್ನ ಹೊಸ ವಿಸಿಟಿಂಗ್ ಕಾರ್ಡಿನ ಫೋಟೋ ಕಳಿಸಿದ್ದ. ಹೆಸರು ಒಂದು ಸಾಲು, ಡೆಸಿಗ್ನೇಶನ್ ಮೂರು ಸಾಲು. ಓದುತ್ತಿದ್ದ ಹಾಗೇ ಕಿವಿಯಲ್ಲಿ ಠಪ್ ಎಂದಿತು ನೋಡಿ.

ನಮ್ಮ ಕಡೆಯ ಮದುವೆ ಕಾರ್ಡು ನೋಡಿದ್ದೀರಾ? ಮದುವೆ ಯಾರದೆಂದು ಹುಡುಕಬೇಕು. ಸೋದರಮಾವ ಯಾವ ಇಲಾಖೆಯಲ್ಲಿ ಸೀನಿಯರ್ ಅಸಿಸ್ಟೆಂಟ್ ಎಂಬುದು ಮಾತ್ರ ದಪ್ಪಕ್ಷರದಲ್ಲಿರುತ್ತದೆ. ಡೆಸಿಗ್ನೇಶನ್ ಇಲ್ಲದವರೆಲ್ಲ ‘ಬಂಧುಮಿತ್ರರು’. ಕಾನ್ವೆಂಟಿನಲ್ಲಿ ‘ಮಿಸ್’ ಆಗಿಯೇ ಮುದುಕಿಯಾದ ನಾನೂ ಆ ಗುಂಪಿನವಳೇ. ಲೇಡಿಯಾದವಳು ತನ್ನ ಟ್ರಂಪೆಟ್ ತಾನೇ ಊದಬಾರದೆಂದು ಸಿಸ್ಟರುಗಳು ನಮಗೆ ಕಲಿಸಿದ್ದರು. ಊದಲು ನನ್ನ ಹತ್ತಿರ ಟ್ರಂಪೆಟ್ಟೇ ಇರಲಿಲ್ಲ, ಆ ಮಾತು ಬೇರೆ.

ಮೂರ್ತಿ ಯಾವುದೋ ಸೊಸೈಟಿಯಲ್ಲಿ ಗುಮಾಸ್ತರು. ಹೆಂಡತಿ ಸರೋಜ ಸರ್ಕಾರಿ ಹೈಸ್ಕೂಲಿನ ಲೆಕ್ಕದ ಟೀಚರ್. ಅವಳಿಗೆ ಹೆಡ್ಮಿಸ್ಟ್ರೆಸ್ ಪ್ರಮೋಶನ್ ಬಂತು, ಕಲ್ಯಾಣದುರ್ಗಕ್ಕೆ. ಆ ದಿನ ಮೂರ್ತಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. “ಯಾವೋಳಾದ್ರೂ ಮನೆ ಬಿಟ್ಟು ಅಷ್ಟು ದೂರ ಹೋಯ್ತಾಳಾ? ಬ್ಯಾಡ ಅಂತ ಬರ್ಕೊಟ್ಬುಡು. ನಡ್ಕಂಡು ಹೋಗೋ ಸ್ಕೂಲ್ ಐತೆ, ಇನ್ನೇನು ಬೇಕು ನಿಂಗೆ?”

ಪ್ರಮೋಶನ್ ಬೇಡವೆಂದು ಬರೆದುಕೊಡುವುದು ನಮ್ಮೂರ ಟೀಚರಮ್ಮಂದಿರ ಹಳೆಯ ಪದ್ಧತಿ. ಗಂಡನ ಊಟದ ಹೊತ್ತಿಗೆ ಮನೆ ಸೇರಿದರೆ ಅದೇ ಹೆಂಗಸಿನ ಕೆರಿಯರ್ ಸಕ್ಸೆಸ್. ಸರೋಜ ಬರೆದುಕೊಡಲಿಲ್ಲ. ಕಾಂಪೌಂಡ್ ಗೋಡೆಯ ಹತ್ತಿರ ಬಂದು, “ನಂಗೆ ಒಂದು ಸ್ಕೂಲು ನಡೆಸ್ಬೇಕು ಅಂತ ಆಸೆ ಕಣಕ್ಕಾ” ಎಂದಳು. ಅಷ್ಟೇ.

ಅವಳಿಗೆ ದಾರಿ ಬಿಡಿಸಿದ್ದು ನನ್ನ ಇಂಗ್ಲಿಷ್ ಉಪದೇಶವೇನಲ್ಲ. ಮೂರ್ತಿಯವರ ಅಣ್ಣ ಬಂದು, ಕಾಫಿ ಹೀರುತ್ತಾ ಒಂದು ಮಾತು ಹೇಳಿದರು: “ಒರೇಯ್, ಹೈಸ್ಕೂಲ್ ಹೆಚ್ಎಂ ಅಂದ್ರೆ ಗೆಜೆಟೆಡ್ ಕಣ್ಲಾ! ನಮ್ ವಂಶದಾಗೆ ಯಾರವ್ರೆ ಗೆಜೆಟೆಡ್ಡು?” ಮೂರ್ತಿಯವರ ಮುಖ ನೋಡಬೇಕಿತ್ತು. ಸಂಜೆಗೆ ಅವರೇ ಹೆಂಡತಿಯ ಸೂಟ್‌ಕೇಸಿನ ಧೂಳು ಒರೆಸುತ್ತಿದ್ದರು.

ಆಗೆಲ್ಲ ನೌಕರಿಗೆ ಅರ್ಜಿ ಹಾಕುವವರು ಜೆರಾಕ್ಸ್ ಪ್ರತಿಗಳಿಗೆ ಗೆಜೆಟೆಡ್ ಆಫೀಸರ ಸಹಿಗಾಗಿ ಅಲೆಯುತ್ತಿದ್ದರು. ಮೂರ್ತಿ ಹೆಂಡತಿಯ ಹೆಸರಿನ ಸೀಲು ಇನ್ನೊಂದು ಮಾಡಿಸಿಕೊಂಡರು. ನೆಂಟರಿಷ್ಟರ ಜೆರಾಕ್ಸುಗಳಿಗೆಲ್ಲ ತಾವೇ ಠಪ್ಪೆಂದು ಒತ್ತಿಡುವುದು. ಶನಿವಾರ ಸಂಜೆ ಅವಳು ಕಲ್ಯಾಣದುರ್ಗದ ಬಸ್ಸಿಳಿದು ಬಂದರೆ ಸಹಿಯೊಂದೇ ಬಾಕಿ. ಹೌ ವಲ್ಗರ್! “ನಿಮ್ದೇನಾದ್ರೂ ಅಟೆಸ್ಟ್ ಮಾಡ್ಸೋದೈತಾ ಮೇಡಮ್? ನಾಚ್ಕೋಬ್ಯಾಡ್ರಿ” ಎಂದು ನನ್ನನ್ನೂ ಕೇಳಿದ್ದರು. “ನನ್ನ ವಯಸ್ಸೊಂದಿದೆ ಮೂರ್ತಿಯವರೇ, ಅದನ್ನ ಯಾರೂ ಡೌಟ್ ಮಾಡೋಲ್ಲ” ಎಂದೆ.

ಸರೋಜಳದು ಒಂದೇ ಹಟ. “ಒರಿಜಿನಲ್ ತೋರ್ಸಿ, ಹಾಕ್ತೀನಿ.” ನೆಂಟರಿಗೆ ಅವಮಾನವಾಯಿತು. ಸಹಿಯಾಗದ ಜೆರಾಕ್ಸುಗಳ ಕಟ್ಟು ಬೆಳೆಯಿತು, ಅವಳು ಊರಿಗೆ ಬರುವುದು ಕಡಿಮೆಯಾಯಿತು. ಕಲ್ಯಾಣದುರ್ಗದಲ್ಲಿರುವ ಗೆಜೆಟೆಡ್ಡಿನಿಂದ ಹಿಂದೂಪುರಕ್ಕೇನು ಲಾಭ ಎಂದು ಬೀದಿಯವರು ನಕ್ಕರು. ಆ ನಗು ಮೂರ್ತಿಗೆ ತಡೆಯಲಾಗಲಿಲ್ಲ. ಯಾರ್ಯಾರನ್ನೋ ಹಿಡಿದು, ಹಿಂದೂಪುರದ ಒಂದು ಕಚೇರಿಗೆ ಅವಳನ್ನು ಡೆಪ್ಯುಟೇಶನ್ ಮೇಲೆ ತರುವ ಏರ್ಪಾಡು ಮಾಡಿದರು. ಅವಳು ಅರ್ಜಿಗೆ ಸಹಿ ಹಾಕಿದರೆ ಸಾಕು. “ನೀವು ಹೇಳಿದ್ರೆ ಕೇಳ್ತಾಳೆ” ಎಂದು ನನ್ನನ್ನೂ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಕಲ್ಯಾಣದುರ್ಗಕ್ಕೆ ಹೊರಟರು. ಬಾಯಿ ಬಿಡಬಾರದೆಂದು ನಿರ್ಧರಿಸಿಯೇ ನಾನು ಹತ್ತಿದ್ದು.

ಹೆಡ್ಮಿಸ್ಟ್ರೆಸ್ ರೂಮು ಖಾಲಿಯಿತ್ತು. ಸರೋಜ ಶಾಲೆಯ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಗಿಯ ಜೊತೆ ನಿಂತಿದ್ದಳು. ಹೆಣ್ಣುಮಕ್ಕಳ ಶೌಚಾಲಯಗಳಿಗೆ ಬಾಗಿಲೇ ಇರಲಿಲ್ಲವಂತೆ. ಬ್ರಹ್ಮಸಮುದ್ರದ ಕಡೆಯಿಂದ ಬರುವ ಹುಡುಗಿಯರು ಸಂಜೆಯವರೆಗೆ ನೀರು ಕುಡಿಯದೇ ಕೂರುತ್ತಿದ್ದರಂತೆ. “ಒಂದು ಬಾಗ್ಲು ಆಯ್ತಕ್ಕಾ, ಇದು ಇನ್ನೊಂದು!” ಎಂದಳು. ಚಿನ್ನದ ಬಳೆ ತೋರಿಸುವವರ ಮುಖ ಕೂಡ ಹಾಗೆ ಹೊಳೆಯುವುದಿಲ್ಲ.

“ಕಕ್ಕಸ್ಸಿಗೆ ಬಾಗ್ಲು ಹಾಕ್ಸಕ್ಕೇನೇ ನೀನು ಗೆಜೆಟೆಡ್ ಆಗಿದ್ದು?” ಮೂರ್ತಿ ಅರ್ಜಿ ಚಾಚಿದರು. “ಸೈನ್ ಹಾಕು. ಊರಾಗೆ ಫ್ಯಾನ್ ಕೆಳಗೆ ಕೂತ್ಕಂಡಿರು.”

ಅವಳು ಪೂರ್ತಿ ಓದಿದಳು. “ಅಲ್ಲಿ ಮಕ್ಳು ಇರ್ತಾರಾ?”

“ಮಕ್ಳ ಕಾಟಾನೇ ಇಲ್ಲ ಕಣೇ!” ಎಂದರು ಮೂರ್ತಿ, ಹೆಮ್ಮೆಯಿಂದ.

“ಎತ್ತು ಎಂತ, ಮೇಡಮ್?” ಬಡಗಿ ತೆಲುಗಿನಲ್ಲಿ ಬಾಗಿಲಿನ ಎತ್ತರ ಕೇಳಿದ. ಸರೋಜ ಅರ್ಜಿಯನ್ನು ಮಗುಚಿ, ಅದರ ಬೆನ್ನಿನ ಮೇಲೆ ಅಳತೆ ಬರೆದುಕೊಳ್ಳಲು ಸಿದ್ಧಳಾಗಿ, ಟೇಪಿನ ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟಳು.

ಮುಂದಿನ ತಿಂಗಳು ನಾನು ಹಿಂದೂಪುರ ಬಿಟ್ಟೆ. ಅವಳನ್ನು ನೋಡಿದ್ದು ಅದೇ ಕೊನೆ. ಆ ದಿನ ಟೇಪು ಕೊಟ್ಟವಳು ಗಂಡನಿಗೆ, “ಬಗ್ಗಿ ನೆಲಕ್ಕೆ ಹಿಡೀರಿ, ಅಲ್ಲಾಡಿಸ್ಬ್ಯಾಡ್ರಿ” ಎಂದಳು. ಇಸ್ತ್ರಿ ಪ್ಯಾಂಟಿನ ಮೂರ್ತಿ, ಅತ್ತಿತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ, ಬಗ್ಗಿ ಹಿಡಿದರು.