ಸಾಹುಕಾರರ ಕಾರಿನ ಸೀಟು

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಬೇವಿನ ಮರದಡಿ ಚಿಕ್ಕಹನುಮಂತಪ್ಪ ಹಳೇ ಕಾರುಗಳ ಸೀಟು ಬಿಚ್ಚುತ್ತಿದ್ದ. ಪಕ್ಕದಲ್ಲೇ ನಾನು, ಓಂಕಾರಪ್ಪ, ಬಯಲಿನಲ್ಲಿ ಗಾಡಿ ರಿಪೇರಿ ಮಾಡಿಕೊಂಡಿದ್ದೆ. ಊರಿನ ದೊಡ್ಡ ಮನುಷ್ಯರ ಬಗ್ಗೆ ನನಗೆ ಅಸಹ್ಯ ಹುಟ್ಟಿದ್ದು ಆ ಸೀಟುಗಳಿಂದ ಉದುರುತ್ತಿದ್ದುದನ್ನು ನೋಡಿ. ಬೀಡಿ ತುಂಡು, ಅಗಿದು ಉಗಿದ ಅಡಿಕೆ, ಶೇಂಗಾ ಸಿಪ್ಪೆ. ಮಾಂಸ ಮುಟ್ಟೆನೆಂದು ಸಭೆಯಲ್ಲಿ ಭಾಷಣ ಬಿಗಿಯುವ ಒಬ್ಬರ ಕಾರಿನಲ್ಲಿ ಕೋಳಿ ಮೂಳೆ. ಥೂ! ಚಿಕ್ಕಹನುಮಂತಪ್ಪ ಮಾತ್ರ ಎಲ್ಲವನ್ನೂ ಗುಡಿಸಿ ಮರದ ಬುಡಕ್ಕೆ ಹಾಕುತ್ತಿದ್ದ.

ಅವನ ಊರು ಗೋವಿನಕೋವಿ. ಅಪ್ಪ ತೊಗಲು ಹದ ಮಾಡಿ ಚಪ್ಪಲಿ ಹೊಲಿಯುತ್ತಿದ್ದವನು. ಮಗ ದಾವಣಗೆರೆಯಲ್ಲಿ ಕಾರಿನ ಒಳಗಿನ ಕೆಲಸ ಕಲಿತು ಬಂದಿದ್ದ. ಕುಸಿದ ಸ್ಪ್ರಿಂಗು ಕಟ್ಟುವುದು, ತೆಂಗಿನ ನಾರು ತುಂಬುವುದು, ಬಾಗಿಲಿನ ಒಳರಟ್ಟಿಗೆ ಬಟ್ಟೆ ಹೊದಿಸುವುದು ಅವನಂತೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆದರೆ ತಲೆಯ ಮೇಲೆ ಸೂರಿಲ್ಲ. ಮಳೆ ಬಂದರೆ ನಾರು ನೆನೆದು ಕೊಳೆಯುತ್ತಿತ್ತು, ಹೆಂಡತಿ ಮೂಕಮ್ಮ ತಾಡಪಾಲು ಹಿಡಿದು ನಿಲ್ಲುತ್ತಿದ್ದಳು. ಒಂದು ಮಳಿಗೆ ಸಿಕ್ಕರೆ ಸಾಕು ಎಂದು ಮೂರು ವರ್ಷ ಅಲೆದ. ಅವನಪ್ಪನ ಕಸುಬು ಕೇಳಿದ ಮೇಲೆ ಯಾರ ಮಳಿಗೆಯೂ ಖಾಲಿ ಇರುತ್ತಿರಲಿಲ್ಲ.

೧೯೭೮ರಲ್ಲಿ ಅಕ್ಕಿ ಗಿರಣಿಯ ಮಹೇಶ್ವರಪ್ಪ ಒಂದು ಹಳೇ ಇಂಗ್ಲಿಷ್ ಕಾರು ತಂದ. ಕಾಫಿ ತೋಟದ ಯಾರೋ ಮಾರಿದ್ದು. ಮಠದ ಸ್ವಾಮಿಗಳನ್ನು ಪಾದಪೂಜೆಗೆ ಕರೆದೊಯ್ಯಲೆಂದೇ ತಂದದ್ದಂತೆ, ಎರಡು ಸಲ ಕರೆದೊಯ್ದೂ ಆಗಿತ್ತು. ಅದರ ಕೆಂಪು ಸೀಟು ಒಂದು ಕಡೆ ಸೀಳಿಹೋಗಿತ್ತು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ತಿಳಿಯದಂತೆ ಮಾಡಿದರೆ ಗಿರಣಿ ಪಕ್ಕದ ಖಾಲಿ ಮಳಿಗೆ ನಿನ್ನದೇ ಎಂದು ನನ್ನೆದುರೇ ಚಿಕ್ಕಹನುಮಂತಪ್ಪನಿಗೆ ಮಾತು ಕೊಟ್ಟ.

ಮುಟ್ಟಿದ ಕೂಡಲೇ ಅವನಿಗೆ ಗೊತ್ತಾಯಿತು, ಅದು ತೊಗಲು, ತೊಗಲಿನಂತೆ ಕಾಣುವ ರೆಕ್ಸಿನ್ ಬಟ್ಟೆಯಲ್ಲ. ಕೊಂಡವರಿಗೆ ಗೊತ್ತಿರದೆ ಇರುತ್ತದೆಯೇ ಎಂದುಕೊಂಡ, ಪಾಪ. ಗೋವಿನಕೋವಿಗೆ ಹೋಗಿ ಅಪ್ಪನಿಂದ ಹದವಾದ ತೊಗಲು ತಂದ. ಬಣ್ಣ ಕಟ್ಟಿ, ಹರಳೆಣ್ಣೆ ತಿಕ್ಕಿ, ಹದಿನೈದು ದಿನ ಕೂತು ಹೊಲಿದ. ಹೊಸ ತುಂಡು ಎಲ್ಲಿ ಕೂಡಿದೆಯೆಂದು ಹುಡುಕಿ ನನಗೇ ಕಣ್ಣು ಸೋತಿತು.

ಮಹೇಶ್ವರಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಸೀಟು ಸವರಿ, ಫಾರಿನ್ ರೆಕ್ಸಿನ್ ಅಂದರೆ ಹಿಂಗಿರಬೇಕು ಎಂದು ಬೀಗಿದ. ಮಳಿಗೆಯ ಬೀಗದ ಕೈ ಅವನ ಬೆರಳಲ್ಲಿ ತೂಗುತ್ತಿತ್ತು. ಇಂಥ ರೆಕ್ಸಿನ್ ಎಲ್ಲಿ ಸಿಕ್ಕಿತೋ ಎಂದು ಕೇಳಿದ. ಸುಮ್ಮನಿರು ಎಂದು ನಾನು ಕಣ್ಣಲ್ಲೇ ಹೇಳಿದೆ.

"ರೆಕ್ಸಿನ್ ಅಲ್ರೀ ಸಾವ್ಕಾರ್ರೆ, ತೊಗಲು," ಅಂದ ಚಿಕ್ಕಹನುಮಂತಪ್ಪ. "ಮೊದ್ಲಿಂದ್ಲೂ ತೊಗಲೇ ಐತೆ. ನಾನು ಹಾಕಿದ್ದು ನಮ್ಮಪ್ಪ ಹದ ಮಾಡಿದ್ದು."

ಸಾಹುಕಾರನ ಮುಖ ಕಪ್ಪಿಟ್ಟಿತು. ಕಾಲಲ್ಲಿ ತೊಗಲಿನ ಜೋಡು ಮೆಟ್ಟಿಕೊಂಡೇ ನಿಂತಿದ್ದ ಆ ಮನುಷ್ಯ, ಸೀಟು ಸವರಿದ ಕೈಯನ್ನು ಪಂಚೆಗೆ ಒರೆಸಿಕೊಂಡ. ಸ್ವಾಮಿಗಳನ್ನು ಕೂರಿಸಿದ್ದು ನೆನಪಾಗಿರಬೇಕು. ಬಂದ ನಾಲ್ವರೂ ಅವನನ್ನೇ ನೋಡುತ್ತಿದ್ದರು. ಅವನು ಚಿಕ್ಕಹನುಮಂತಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಓಂಕಾರಪ್ಪ, ನೀನು ಗಾಡಿ ಬಲ್ಲೋನು. ಇದು ರೆಕ್ಸಿನ್ನೇ ಹೌದಲ್ಲೋ?"

ಬೀಗದ ಕೈ ಇನ್ನೂ ತೂಗುತ್ತಲೇ ಇತ್ತು. ನಾನು ಆ ಕಡೆ ನೋಡಿದೆ.

"ಹೌದ್ರೀ," ಅಂದೆ. "ಫಾರಿನ್ ರೆಕ್ಸಿನ್ನು. ಇವನಿಗೇನು ಗೊತ್ತಾಗ್ತೈತೆ."

ನಾಲ್ವರೂ ನಿರಾಳವಾಗಿ ನಕ್ಕರು. ಚಿಕ್ಕಹನುಮಂತಪ್ಪ ನನ್ನನ್ನು ಒಂದು ಸಲ ನೋಡಿ, ದಬ್ಬಣ ಒರೆಸಿ ಡಬ್ಬಿಗೆ ಹಾಕಿಕೊಂಡ.

ಮಹೇಶ್ವರಪ್ಪ ಆ ಸೀಟು ಬಿಚ್ಚಿಸಲೇ ಇಲ್ಲ. ಬಿಚ್ಚಿಸಿದರೆ ಊರಿಗೇ ಗೊತ್ತಾಗುತ್ತದಲ್ಲ! ಯಾರಿಗೂ ಕಾಣದಂತೆ ಗೋಮೂತ್ರ ಚಿಮುಕಿಸಿ, ಮೇಲೊಂದು ಬಿಳಿ ಪಂಚೆ ಹಾಸಿದ. ಎಂಟು ವರ್ಷ ಅದರ ಮೇಲೇ ಕೂತು ತಿರುಗಿದ, ಸ್ವಾಮಿಗಳನ್ನೂ ಕೂರಿಸಿದ. ನಾಚಿಕೆಗೆಟ್ಟವನು ಎಂದು ನಾನು ಅವನನ್ನು ಬೈಯದ ದಿನವಿಲ್ಲ. ಬೈಯುವುದು ಅವನದೇ ಮಳಿಗೆಯಲ್ಲಿ ಕೂತು. ಮಾರನೇ ದಿನವೇ ಆ ಬೀಗದ ಕೈ ನನ್ನ ಕೈಗೆ ಬಂದಿತ್ತು.

ಮಳಿಗೆ ಸೇರಿದ ಮೊದಲ ಮಳೆಗಾಲದಲ್ಲಿ ಒಮ್ಮೆ ಕೊಡೆ ಹಿಡಿದು ಬೇವಿನ ಮರದ ಹತ್ತಿರ ಹೋದೆ. ಮೂಕಮ್ಮ ತಾಡಪಾಲು ಎತ್ತಿ ಹಿಡಿದು ತೊಯ್ಯುತ್ತಿದ್ದಳು. ಮಳಿಗೆಯಲ್ಲಿ ಅರ್ಧ ಜಾಗ ಖಾಲಿ ಐತೆ, ಬಂದು ಕೂತು ಹೊಲಿಯೋ ಎಂದು ಚಿಕ್ಕಹನುಮಂತಪ್ಪನನ್ನು ಕರೆದೆ. ಅವನು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಬ್ಯಾಡ ಬಿಡ್ರಿ ಓಂಕಾರಪ್ಪನೋರೆ," ಅಂದ. "ಇಲ್ಲಿ ಬೆಳಕು ಚೆಂದ ಐತೆ."