ಗಾರೆಯ ಕೈಗೆ ಇಂಗ್ಲಿಷ್ ಪರೀಕ್ಷೆ

ದೊಡ್ಡವಳಾದ ಮೇಲೆ ಗಲ್ಫಿಗೆ ಮರಳಿ ನಾನು ಸೇರಿದ ಅಲ್ ಸದ್ದ್‌ನ ನಮ್ಮ ಕಚೇರಿಯಲ್ಲಿ ಈ ವಾರ ಗೋಡೆಗಳಿಗೆ ಜಿಪ್ಸಮ್ ಬಳಿಯುತ್ತಿದ್ದಾರೆ. ಆ ಒದ್ದೆಯಾದ, ತಣ್ಣನೆಯ ವಾಸನೆ ಮೂಗಿಗೆ ತಾಕಿದೊಡನೆ ಬಾಲ್ಯದಲ್ಲಿ ನಾವಿದ್ದ ಅಲ್ ವಕ್ರಾದ ಎರಡು ಕೋಣೆಯ ಮನೆ, ಬಾಗಿಲ ಹೊರಗೆ ನಿಂತು ಅಂಗಿಯ ಬಿಳಿ ಧೂಳು ಕೊಡವುತ್ತಿದ್ದ ಅಪ್ಪ, ಕಣ್ಣೆದುರು ಬರುತ್ತಾರೆ. ಗೋಡೆ ಒಣಗಿದ ಮೇಲೆ ಅಲಂಕಾರಕ್ಕೆಂದು ತೂಗುಹಾಕಲು ಚೌಕಟ್ಟೊಂದು ಸಿದ್ಧವಾಗಿದೆ: ದೀರ್ಘ ಅಭ್ಯಾಸದಿಂದ ಕೈ ಪಳಗುವುದನ್ನು ಕೊಂಡಾಡುವ, ನಾಲ್ಕೇ ಅಕ್ಷರದ ಚೀನೀ ನುಡಿಗಟ್ಟು. ಅದನ್ನು ಆರಿಸಿದವರಿಗೆ ಇಲ್ಲಿ ಕರಣೆ ಹಿಡಿದು ಗೋಡೆ ಬಳಿಯುತ್ತಿರುವವರ ಹೆಸರೇ ಗೊತ್ತಿಲ್ಲ. ಇಂಥ ಮೆಚ್ಚುಗೆಯನ್ನು ಸಹಿಸುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಅಪ್ಪ ಇಪ್ಪತ್ತೆರಡು ವರ್ಷ ಗಾರೆ ಕೆಲಸ ಮಾಡಿದವರು. ಮಟ್ಟಗೋಲು ಇಡುವ ಮೊದಲೇ ಅಂಗೈಯಿಂದ ಸವರಿ, "ಇಲ್ಲಿ ಒಂದು ನೂಲು ಉಬ್ಬಿದೆ" ಎನ್ನುತ್ತಿದ್ದರು. ಕೋಲು ಇಟ್ಟರೆ ಅಲ್ಲೇ ಉಬ್ಬಿರುತ್ತಿತ್ತು. ಹಳೆಯ ಕಂಪನಿ ಮುಚ್ಚಿದಾಗ, ಹೊಸ ಕಂಪನಿ ಅವರನ್ನು 'ಹೆಲ್ಪರ್' ಎಂದು ಬರೆದುಕೊಂಡಿತು. ಅದು ಅನ್ಯಾಯ, ಅಂದು ಯಾರೂ ಹಾಗೆನ್ನಲಿಲ್ಲವಾದ್ದರಿಂದ ಇಂದು ನಾನು ಹೇಳುತ್ತಿದ್ದೇನೆ. ಹೆಲ್ಪರಿಗೆ ಕುಟುಂಬದ ವೀಸಾ ಇಲ್ಲ; ಮೇಸ್ತ್ರಿಯ ದರ್ಜೆ ಸಿಗದಿದ್ದರೆ ಅಮ್ಮನ ಮತ್ತು ನನ್ನ ವೀಸಾ ನವೀಕರಣವಾಗುವಂತಿರಲಿಲ್ಲ. ಆ ದರ್ಜೆಗೆ ಇಟ್ಟದ್ದೋ, ಇಂಗ್ಲಿಷಿನಲ್ಲಿ ಲಿಖಿತ ಪರೀಕ್ಷೆ! "ಗೋಡೆ ಎಂತ ಇಂಗ್ಲಿಷ್ ಮಾತಾಡ್ತದಾ ಮಾರಾಯ್ರೆ?" ಎಂದು ಅಮ್ಮ ಸಿಡುಕಿದರು. ಅನ್ಯಾಯ ಮಾಡಿದವರಲ್ಲಿ ನಾನೂ ಒಬ್ಬಳು. ನಾಲ್ಕನೇ ಕ್ಲಾಸಿನ ನಾನೇ ಅಪ್ಪನ ಟೀಚರ್. ನನ್ನ ಶಾಲೆ ಕಲಿಸಿದ ದರ್ಪವನ್ನೆಲ್ಲ ಅವರ ಮೇಲೆ ತೋರಿಸಿದೆ. "ಗಾರೆ ಗೋಡೆಗೆ ಅಂಟುವುದು ಅಡ್ಹೀಷನ್, ಅಪ್ಪಾ! ಎಷ್ಟು ಸಲ ಹೇಳ್ಬೇಕು?" ಎಂದು ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದೆ. "ಬೈಬೇಡಿ ಟೀಚರೇ, ಕೈ ಮೇಸ್ತ್ರಿ ಆಗಿದೆ, ಬಾಯಿ ಇನ್ನೂ ಹೆಲ್ಪರ್" ಎಂದು ಅಪ್ಪ ನಗುತ್ತಿದ್ದರು.

ಫಲಿತಾಂಶ ಹೇಳಲು ಮನೆಗೆ ಬಂದ ಸೂಪರ್‌ವೈಸರ್ ಚಪ್ಪಲಿ ಕಳಚಲಿಲ್ಲ. "ಖಲಾಸ್, ಭಾಯ್. ಪೇಪರ್ ಫೇಲ್" ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದರು. ಒಂದೇ ಒಂದು ಗೋಡೆ ಬಳಿದು ತೋರಿಸೆಂದು ಅಪ್ಪನಿಗೆ ಯಾರೂ ಹೇಳಲಿಲ್ಲ. ತಿಂಗಳು ಮುಗಿಯುವುದರೊಳಗೆ ಅಮ್ಮನಿಗೂ ನನಗೂ ಮಂಗಳೂರಿನ ಟಿಕೆಟ್ ಬಂತು. ಅಪ್ಪನಿಗೆ ಕಾರ್ಮಿಕರ ಕ್ಯಾಂಪಿನಲ್ಲೊಂದು ಮಂಚ.

ಗಲ್ಫಿನ ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ನಮ್ಮ ಬಾಲ್ಯಕ್ಕೆ ಮರಳಿ ಹೋಗಿ ತಟ್ಟಬಹುದಾದ ಬಾಗಿಲಿಲ್ಲ. ಹೊರಡುವ ದಿನ, ಸಾಮಾನೆಲ್ಲ ಇಳಿಸಿದ ಮೇಲೆ, ಕ್ಯಾಲೆಂಡರ್, ಕನ್ನಡಿ, ದೇವರ ಪಟ ತೆಗೆದಲ್ಲಿ ಉಳಿದ ಮೊಳೆಯ ತೂತುಗಳನ್ನು ಅಪ್ಪ ಒಂದೊಂದಾಗಿ ತುಂಬಿದರು. ಕನ್ನಡಿ ಎಲ್ಲಿತ್ತೆಂದು ನಾನು ಹುಡುಕಿದೆ, ಸಿಗಲಿಲ್ಲ. ನಾವು ಮೂವರು ಅಲ್ಲಿ ಬಾಳಿದ್ದೆವೆಂಬುದನ್ನು ಅಪ್ಪನ ಕೈ ಅಷ್ಟು ನಯವಾಗಿ ಮುಚ್ಚಿತ್ತು.